ಏಕವೇಗದ ಬೈಸಿಕಲ್ಲಿನ ಹಿಂಬದಿ ಚಕ್ರದ ಜಾರುವಿಕೆ

ಏಕವೇಗದ ಬೈಸಿಕಲ್ಲಿನ ಹಿಂಬದಿ ಚಕ್ರದ ಜಾರುವಿಕೆ ಎಂದರೆ ಪೆಡಲ್ ತುಳಿಯುವಾಗ ಚೈನಿನ ಸೆಳೆತಕ್ಕೆ ಸಿಲುಕಿ ಚಕ್ರದ ಅಚ್ಚು ಚೌಕಟ್ಟಿನ ಸೀಳಿನಲ್ಲಿ ಮುಂದಕ್ಕೆ ಸರಿಯುವ ದೋಷ. ಟೈರು ರಸ್ತೆಯ ಮೇಲೆ ಜಾರುವುದು ಇದರಿಂದ ಭಿನ್ನವಾದುದು.

ಹಿನ್ನೆಲೆ

ಕರ್ನಾಟಕ ಸರ್ಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಡಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ವಿತರಿಸಿದ ಬೈಸಿಕಲ್ಲುಗಳು ಏಕವೇಗದವು. ಸೈಕ್ಲಿಂಗ್ ಕ್ರೀಡೆಗೆ ಹೆಸರಾದ ವಿಜಯಪುರ ಜಿಲ್ಲೆಯ ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳಲ್ಲಿ ಕಪ್ಪು ಎರೆಮಣ್ಣಿನ ಪ್ರದೇಶಗಳಿವೆ. ಮಳೆಗಾಲದಲ್ಲಿ ಈ ಜಿಗುಟು ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ಅಂಟಿಕೊಂಡರೆ ಸವಾರನು ಹೆಚ್ಚು ಬಲದಿಂದ ತುಳಿಯಬೇಕಾಗುತ್ತದೆ. ಚೈನಿನ ಸೆಳೆತವೂ ಅಷ್ಟೇ ಹೆಚ್ಚುತ್ತದೆ.

ಕಾರಣ

ಗೇರ್ ಬೈಸಿಕಲ್ಲಿನಲ್ಲಿ ಚೈನನ್ನು ಬಿಗಿಯಾಗಿಡುವ ಸ್ಪ್ರಿಂಗ್ ವ್ಯವಸ್ಥೆ ಇರುತ್ತದೆ. ಏಕವೇಗದ ಬೈಸಿಕಲ್ಲಿನಲ್ಲಿ ಚಕ್ರವನ್ನೇ ಹಿಂದಕ್ಕೆ ಸರಿಸಿ ಚೈನನ್ನು ಬಿಗಿಗೊಳಿಸಬೇಕಾದುದರಿಂದ ಅಚ್ಚು ಕೂರುವ ಸೀಳು ಉದ್ದವಾಗಿರುತ್ತದೆ. ಅಚ್ಚನ್ನು ಅಲ್ಲಿ ಹಿಡಿದಿಡುವುದು ನಟ್ಟುಗಳ ಒತ್ತಡದಿಂದ ಉಂಟಾಗುವ ಘರ್ಷಣೆ ಮಾತ್ರ.

ಚೈನಿನ ಸೆಳೆತವು ಸವಾರನ ತೂಕವನ್ನು ಮೀರಬಲ್ಲದು. 170 ಮಿ.ಮೀ. ಉದ್ದದ ಕ್ರ್ಯಾಂಕ್ ಹಾಗೂ 44 ಹಲ್ಲುಗಳ ಮುಂಚಕ್ರವಿರುವ ಬೈಸಿಕಲ್ಲಿನಲ್ಲಿ 50 ಕೆ.ಜಿ. ತೂಕದ ವ್ಯಕ್ತಿಯು ಅಡ್ಡಲಾಗಿರುವ ಕ್ರ್ಯಾಂಕಿನ ಪೆಡಲಿನ ಮೇಲೆ ಪೂರ್ಣ ಭಾರ ಹಾಕಿದರೆ, ಚೈನಿನ ಮೇಲೆ ಸುಮಾರು 95 ಕೆ.ಜಿ. ಭಾರಕ್ಕೆ ಸಮನಾದ ಸೆಳೆತ ಉಂಟಾಗುತ್ತದೆ.

ಲಕ್ಷಣಗಳು

ಚೈನು ಬಲಬದಿಯಲ್ಲಿರುವುದರಿಂದ ಅಚ್ಚಿನ ಬಲತುದಿಯೇ ಮೊದಲು ಸರಿಯುತ್ತದೆ. ಚಕ್ರ ಓರೆಯಾಗಿ ಟೈರು ಚೌಕಟ್ಟಿನ ಎಡಗೊಳವೆಗೆ ಉಜ್ಜುತ್ತದೆ. ಸಡಿಲಗೊಂಡ ಚೈನು ಕಳಚಿಬಿದ್ದರೆ ಸವಾರನು ಆಯತಪ್ಪಿ ಬೀಳುವ ಅಪಾಯವಿದೆ.

ತಡೆಗಟ್ಟುವ ಕ್ರಮಗಳು

* ನಟ್ಟು, ವಾಷರ್ ಮತ್ತು ಚೌಕಟ್ಟು ಪರಸ್ಪರ ತಾಗುವ ಮೇಲ್ಮೈಗಳಿಂದ ಎಣ್ಣೆ, ಮಣ್ಣು ಹಾಗೂ ದಪ್ಪ ಬಣ್ಣವನ್ನು ತೆಗೆಯಬೇಕು. ಅಚ್ಚಿನ ತಿರುಪಿಗೆ ಮಾತ್ರ ಒಂದು ಹನಿ ಎಣ್ಣೆ ಹಾಕಬಹುದು.
* ಸವೆದ ನಟ್ಟುಗಳನ್ನು ಬದಲಿಸಿ, ಹಲ್ಲುಗಳಿರುವ ವಾಷರ್ ಬಳಸಬೇಕು.
* ಚಕ್ರವನ್ನು ಹಿಂದಕ್ಕೆಳೆದು ಮೊದಲು ಬಲಬದಿಯ ನಟ್ಟನ್ನು ಬಿಗಿಯಬೇಕು. ಬಳಿಕ ಟೈರನ್ನು ಚೌಕಟ್ಟಿನ ನಡುವಿಗೆ ತಂದು ಎಡಬದಿಯದನ್ನು ಬಿಗಿಯಬೇಕು.
* ಚೈನಿನ ನಡುಭಾಗವು ಸುಮಾರು 10ರಿಂದ 15 ಮಿ.ಮೀ.ನಷ್ಟು ಮೇಲೆ ಕೆಳಗೆ ಆಡುವಂತಿರಬೇಕು. ಕ್ರ್ಯಾಂಕನ್ನು ತಿರುಗಿಸಿ, ಚೈನು ಅತ್ಯಂತ ಬಿಗಿಯಾಗುವ ಸ್ಥಾನದಲ್ಲಿ ಇದನ್ನು ಪರೀಕ್ಷಿಸಬೇಕು.
* ಕ್ಯಾರಿಯರ್, ಸ್ಟ್ಯಾಂಡ್ ಮತ್ತು ಮಡ್‌ಗಾರ್ಡಿನ ಕಡ್ಡಿಗಳು ಅಚ್ಚಿಗೇ ಜೋಡಣೆಯಾಗಿದ್ದರೆ ಅವುಗಳ ಬಣ್ಣ ಅದುಮಿಕೊಂಡು ನಟ್ಟು ಸಡಿಲಗೊಳ್ಳಬಹುದು. ಆದ್ದರಿಂದ ಕೆಲವು ದಿನಗಳ ನಂತರ ಮತ್ತೊಮ್ಮೆ ಬಿಗಿಯಬೇಕು.

ಇಷ್ಟಾದರೂ ಚಕ್ರ ಜಾರಿದರೆ ಬಲಬದಿಗೆ ಚೈನ್ ಅಡ್ಜಸ್ಟರ್ ಅಳವಡಿಸುವುದು ಸೂಕ್ತ. ಇದು ಅಚ್ಚನ್ನು ಸೀಳಿನ ತುದಿಗೆ ಆನಿಸಿ ಹಿಡಿಯುವುದರಿಂದ ಘರ್ಷಣೆಯೊಂದನ್ನೇ ಅವಲಂಬಿಸಬೇಕಿಲ್ಲ. ಉದ್ದನೆಯ ಸ್ಪ್ಯಾನರಿನಿಂದ ಮಿತಿಮೀರಿ ಬಿಗಿದರೆ ತಿರುಪು ಹಾಳಾಗಿ ಹಿಡಿತವೇ ತಪ್ಪುತ್ತದೆ.