ಕ್ಯಾಂಪರ್ ಗೋಡೆಯೊಳಗೆ ಇಳಿದ ಮಳೆ

ಮಳೆಗಾಲ ಮುಗಿದ ಮೇಲೆ ಕ್ಯಾಂಪರ್ ವ್ಯಾನಿನ ಬಾಗಿಲು ತೆಗೆದಾಗ ಒದ್ದೆ ಗೋಣಿಚೀಲದ ವಾಸನೆ ಬಂತಾ? ರೂಮ್ ಫ್ರೆಶ್‌ನರ್ ತರೋಕೆ ಹೋಗಬೇಡಿ, ಗೋಡೆ ತಟ್ಟಿ ನೋಡಿ. ಗಟ್ಟಿ ಇರೋ ಕಡೆ ‘ಟಕ್’ ಅನ್ನುತ್ತೆ, ಒಳಗೆ ಕೊಳೆತ ಕಡೆ ‘ಡಬ್’. ಹಲಸಿನ ಹಣ್ಣು ತಟ್ಟಿ ಕೊಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ನಮ್ಮದು ಹುಣಸೂರಿನ ಭಾವನ ಜೊತೆ ಸೇರಿ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿ, ಮಿನಿ ಬಸ್ಸನ್ನು ಮಾರ್ಪಡಿಸಿದ್ದು. ಶನಿವಾರ ಬಂದರೆ ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರು, ಇಲ್ಲವೇ ಪಿರಿಯಾಪಟ್ಟಣದ ದಾರಿಯಲ್ಲಿ ಬೈಲಕುಪ್ಪೆ. ಕೆ.ಆರ್. ನಗರದ ಬಯಲಿನ ಮಳೆಯನ್ನು ಗಾಡಿ ತಡೆದುಕೊಂಡಿತ್ತು. ಆದರೆ ಕೋಟೆಯ ವಯನಾಡು ಅಂಚಿನ ಮಳೆ ಬೇರೆ, ಹಿಡಿದರೆ ಬಿಡೋದೇ ಇಲ್ಲ. ಕಿಟಕಿ ಕೆಳಗೆ ಅಂಗೈ ಅಗಲದ ಉಬ್ಬು ಕಾಣಿಸಿತು.

ಫೈಬರ್ ಕೊಳೆಯಲ್ಲ, ನಿಜ. ಆದರೆ ಗೋಡೆ ಬರೀ ಫೈಬರ್ ಅಲ್ಲವಲ್ಲ. ಹೊರಗೆ ತೆಳು ಫೈಬರ್ ಹಾಳೆ, ಒಳಗೆ ಪ್ಲೈವುಡ್, ನಡುವೆ ಥರ್ಮಾಕೋಲ್ ಥರದ ಫೋಮ್ ಮತ್ತು ಮರದ ಪಟ್ಟಿ. ಕಿಟಕಿಯ ಸೀಲ್, ಸ್ಕ್ರೂ ತೂತು, ಚಾವಣಿಯ ಗಾಳಿಕಿಂಡಿ, ಎಲ್ಲಿಂದಾದರೂ ಇಳಿದ ನೀರಿಗೆ ಹೊರಹೋಗಲು ದಾರಿಯಿಲ್ಲ.

ಬಾಡಿ ಕಟ್ಟುವ ಒಬ್ಬರು “ಸಿಲಿಕೋನ್ ಹಾಕಿ, ಬಣ್ಣ ಹೊಡೆದು ಮಾರಿಬಿಡಿ” ಅಂದ್ರು. ಸಾಲದ ಕಂತು ಇನ್ನೂ ಬಾಕಿ, ಭಾವ ಅರ್ಧ ಒಪ್ಪಿದ್ದರು. ಆದರೆ ಮಕ್ಕಳು ಮಲಗುವ ಮೇಲಿನ ಬಂಕ್‌ನ ಬೋಲ್ಟ್‌ಗಳು ಕೂತಿದ್ದು ಅದೇ ಗೋಡೆಯಲ್ಲಿ. ಒಳಗಿನ ಹಲಗೆ ಬಿಚ್ಚಿದಾಗ ಮರದ ಪಟ್ಟಿ ನೆನೆದ ರಸ್ಕಿನ ಹಾಗೆ ಬೆರಳಿಗೆ ಬಂತು. ಒಂದು ಬೋಲ್ಟನ್ನು ಕೈಯಲ್ಲೇ ಎಳೆದು ತೆಗೆದೆ. ಕೊಂಡವರ ಮಕ್ಕಳೂ ಅಲ್ಲೇ ತಾನೆ ಮಲಗೋದು? ಮಾರುವ ಮಾತು ನಿಂತಿತು.

ಒಣಗಿಸೋದೇ ದೊಡ್ಡ ಕೆಲಸ. ಗಟ್ಟಿ ಮರ ಸಿಗೋವರೆಗೆ ಕೊಳೆತದ್ದನ್ನೆಲ್ಲ ಕಿತ್ತು, ಮೂರು ವಾರ ಟೇಬಲ್ ಫ್ಯಾನ್ ಇಟ್ಟೆವು. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರು ಬ್ಯಾರನ್‌ನಲ್ಲಿ ಎಲೆ ಹದ ಮಾಡುವ ತಾಳ್ಮೆ ಬೇಕು. ಬ್ಯಾರನ್‌ನ ಬಿಸಿ ಮಾತ್ರ ಬೇಡ, ಅಂಟು ಬಿಟ್ಟು ಹಾಳೆ ಸೊಟ್ಟಗಾಗುತ್ತೆ. ತೇವಾಂಶ ಮೀಟರ್ ಶೇಕಡ 15ಕ್ಕಿಂತ ಕೆಳಗೆ ಇಳಿಯೋವರೆಗೆ ಕಾಯಿರಿ. ಒದ್ದೆ ಮರಕ್ಕೆ ರೆಸಿನ್ ಸರಿಯಾಗಿ ಹಿಡಿಯಲ್ಲ.

ಹುಣಸೂರು ಮರಕ್ಕೆ, ಪ್ಲೈವುಡ್‌ಗೆ ಹೆಸರಾದ ಊರು, ಹಲಗೆಗೆ ಅಲೆಯಬೇಕಾಗಲಿಲ್ಲ. ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ಡೇ ಕೇಳಿ. ಮರಕ್ಕೆ ಅಂಟಿಸಲು ಎಪಾಕ್ಸಿ ಮೇಲು. ಪಾಲಿಯೆಸ್ಟರ್ ರೆಸಿನ್ ಅಗ್ಗ, ಆದರೆ ಮರದ ಮೇಲೆ ಹಿಡಿತ ಕಡಿಮೆ. ಅದನ್ನೇ ಬಳಸೋದಾದರೆ ಹಾರ್ಡನರ್ ಶೇಕಡ 1ರಿಂದ 2 ಸಾಕು. ಹಾರ್ಡನರನ್ನೂ ಕೋಬಾಲ್ಟ್ ಆಕ್ಸಿಲರೇಟರನ್ನೂ ನೇರವಾಗಿ ಬೆರೆಸಲೇಬೇಡಿ, ಸಿಡಿಯಬಹುದು. ಮಾಸ್ಕ್, ಕನ್ನಡಕ, ಗ್ಲೌಸ್ ಇಲ್ಲದೆ ಉಜ್ಜಬೇಡಿ. ಗಾಜಿನ ಪುಡಿ ಮೈಗೆ ಹತ್ತಿದರೆ ತುರಿಚೆ ಸೊಪ್ಪೇ ವಾಸಿ ಅನ್ನಿಸುತ್ತೆ!

ಕಿಟಕಿ ಚೌಕಟ್ಟಿಗೆ ಸಿಲಿಕೋನ್ ಬದಲು ಬ್ಯುಟೈಲ್ ಟೇಪ್ ಹಾಕಿದೆವು. ಸಿಲಿಕೋನ್ ಬಳಿದ ಜಾಗಕ್ಕೆ ಮುಂದೆ ಬಣ್ಣವೂ ರೆಸಿನ್ನೂ ಹಿಡಿಯೋದಿಲ್ಲ. ಆಮೇಲೆ ಪೈಪ್‌ನಿಂದ ನೀರು ಬಿಟ್ಟು ನೋಡಿ, ಕೆಳಗಿನಿಂದ ಮೇಲಕ್ಕೆ. ಮೇಲಿಂದ ಶುರು ಮಾಡಿದರೆ ಎಲ್ಲಿ ಸೋರ್ತಿದೆ ಅಂತ ಗೊತ್ತಾಗಲ್ಲ. ನಮ್ಮದರಲ್ಲಿ ಚಾವಣಿ ಕಿಂಡಿಯ ಒಂದು ಮೂಲೆ ಇನ್ನೂ ಒಸರುತ್ತಿತ್ತು, ಅದನ್ನೂ ಬಿಚ್ಚಿ ಕೂರಿಸಿದೆವು. ಬಂಕ್ ಮೇಲೆ ಮೊದಲು ಮಲಗಿದ್ದು ಭಾವ, 90 ಕೆ.ಜಿ.