ನೆಲನೆಲ್ಲಿಯ ಸಾರವನ್ನು ವೈರಸ್ಸಿನೆದುರು ಪರೀಕ್ಷಿಸುವ ಬಗೆ

ಕಾಮಾಲೆ ಎಂದೊಡನೆ ನಮ್ಮ ಹಳ್ಳಿಗಳಲ್ಲಿ ಮೊದಲು ಹುಡುಕುವುದು ನೆಲನೆಲ್ಲಿಯನ್ನು. ಬೇರುಸಹಿತ ಕಿತ್ತು, ಅರೆದು, ಮಜ್ಜಿಗೆಯಲ್ಲಿ ಕದಡಿ ಬರಿಹೊಟ್ಟೆಗೆ ಕೊಡುತ್ತಾರೆ. ಕೆಲವು ವಾರಗಳಲ್ಲಿ ಕಣ್ಣಿನ ಹಳದಿ ಇಳಿಯುತ್ತದೆ. ಆದರೆ ಹೆಪಟೈಟಿಸ್ ಎ ವೈರಸ್ಸಿನ ಕಾಮಾಲೆ ಬಹುತೇಕರಲ್ಲಿ ತಾನಾಗಿಯೇ ವಾಸಿಯಾಗುವಂಥದ್ದು. ಗುಣಪಡಿಸಿದ್ದು ಗಿಡವೋ, ದೇಹವೋ? ಮನೆಯಲ್ಲಿ ಕೂತು ಇದನ್ನು ಹೇಳಲಾಗದು.

ಪ್ರಯೋಗಾಲಯದಲ್ಲಿ ವೈರಸ್ ಬೆಳೆಸಲು ಜೀವಂತ ಕೋಶಗಳು ಬೇಕು. ಹರ್ಪಿಸ್‌ನಂಥ ಅನೇಕ ವೈರಸ್‌ಗಳಿಗೆ ಬಳಸುವುದು ವೆರೋ ಕೋಶ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದಿಂದ ಪಡೆದ ತಳಿಯಿದು. ಗುಳಿಯಪ್ಪದ ಕಾವಲಿಯಂತೆ 96 ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ, 37 ಡಿಗ್ರಿ ಶಾಖದಲ್ಲಿ ಇವನ್ನು ಬೆಳೆಸುತ್ತಾರೆ.

ಮೊದಲ ಸುತ್ತಿನಲ್ಲಿ ವೈರಸ್ಸೇ ಇರುವುದಿಲ್ಲ. ನೆರಳಲ್ಲಿ ಒಣಗಿಸಿದ ಗಿಡದ ಪುಡಿಯಿಂದ ನೀರು ಇಲ್ಲವೇ ಆಲ್ಕೋಹಾಲಿನಲ್ಲಿ ಸಾರ ತೆಗೆದು, ಗುಳಿಯಿಂದ ಗುಳಿಗೆ ತೆಳುವಾಗಿಸುತ್ತ ಕೋಶಗಳ ಮೇಲೆ ಹಾಕುತ್ತಾರೆ. ಎರಡು ಮೂರು ದಿನದ ನಂತರ ಎಂಟಿಟಿ ಎಂಬ ಹಳದಿ ಬಣ್ಣ ಬೆರೆಸಿದರೆ, ಬದುಕಿರುವ ಕೋಶಗಳು ಅದನ್ನು ನೇರಳೆಯಾಗಿಸುತ್ತವೆ. ಅರ್ಧದಷ್ಟು ಕೋಶಗಳು ಸತ್ತ ಪ್ರಮಾಣವೇ ವಿಷದ ಅಳತೆ. ಈ ಸುತ್ತನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಬ್ಲೀಚಿಂಗ್ ಪುಡಿಯೂ ವೈರಸ್ ಕೊಲ್ಲುತ್ತದೆ, ಜೊತೆಗೆ ಕೋಶಗಳನ್ನೂ.

ಎರಡನೆಯ ಸುತ್ತಿನಲ್ಲಿ ಕೋಶಗಳಿಗೆ ಸೋಂಕು ತಗಲಿಸಿ, ವಿಷವಾಗದ ಪ್ರಮಾಣದ ಸಾರ ಕೊಡುತ್ತಾರೆ. ಕೆಲವು ದಿನ ಬಿಟ್ಟು ನೇರಳೆ ಬಣ್ಣ ಹಚ್ಚಿದರೆ ಕೋಶಗಳ ಹಾಸಿನಲ್ಲಿ ವೈರಸ್ ಕೊರೆದ ತೂತುಗಳು ಬೆಳ್ಳಗೆ ಕಾಣುತ್ತವೆ. ಎಣಿಸಬೇಕಾದ್ದು ಅವನ್ನೇ. ತೂತುಗಳನ್ನು ಅರ್ಧಕ್ಕಿಳಿಸಲು 10 ಮೈಕ್ರೋಗ್ರಾಂ ಸಾಕಾಗಿ, ಕೋಶಗಳಿಗೆ ವಿಷವಾಗಲು 200 ಬೇಕಾದರೆ ಅನುಪಾತ 20. ಸಾಮಾನ್ಯವಾಗಿ 10 ದಾಟಿದರೆ ಮುಂದುವರಿಯುತ್ತಾರೆ. ಒಂದೂವರೆ ಬಂದರೆ, ಕೋಶವೇ ಸಾಯುತ್ತಿದ್ದುದರಿಂದ ವೈರಸ್ ಬೆಳೆಯಲಿಲ್ಲ ಎಂದಷ್ಟೇ ತಿಳಿಯಬೇಕು. ಪಕ್ಕದ ಗುಳಿಗಳಲ್ಲಿ ಬರೀ ದ್ರಾವಕ ಹಾಕಿದ ಕೋಶಗಳೂ, ಹರ್ಪಿಸ್ ಆದರೆ ಅದರ ಮದ್ದಾದ ಎಸೈಕ್ಲೋವಿರ್ ಕೊಟ್ಟ ಕೋಶಗಳೂ ಇರಲೇಬೇಕು. ಹೋಲಿಸಲು ಬೇರೆ ದಾರಿಯಿಲ್ಲ.

ಇಲ್ಲೊಂದು ಮೋಸವಿದೆ. ಎಳೆ ಅಡಿಕೆ ಅಗಿದಾಗ ಬಾಯಿ ಚೊಗರಾಗುವುದು ಟ್ಯಾನಿನ್‌ನಿಂದ; ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ತಟ್ಟೆಯಲ್ಲಿ ವೈರಸ್ಸಿನ ಹೊರಕವಚಕ್ಕೂ ಹಾಗೆಯೇ ಅಂಟಿ ಒಳಹೋಗದಂತೆ ತಡೆಯುತ್ತದೆ. ಕುಡಿದಾಗಲಾದರೋ ರಕ್ತಕ್ಕೆ ಸೇರುವುದು ಅತ್ಯಲ್ಪ. ಹಾಗಾಗಿ ಟ್ಯಾನಿನ್ ತೆಗೆದು ಮತ್ತೊಮ್ಮೆ ಪರೀಕ್ಷಿಸಬೇಕು, ಸೋಂಕಿಗೆ ಮೊದಲು ಕೊಟ್ಟರೆ ಏನು, ನಂತರ ಕೊಟ್ಟರೆ ಏನು ಎಂಬುದನ್ನೂ ನೋಡಬೇಕು.

ಹೆಪಟೈಟಿಸ್ ಬಿ ಹೀಗೆ ತೂತು ಕೊರೆಯುವುದಿಲ್ಲ. ಅದಕ್ಕೆ ಬೇರೆ ಯಕೃತ್ ಕೋಶಗಳಿವೆ, ಅವು ಹೊರಬಿಡುವ ವೈರಸ್ ಪ್ರೋಟೀನನ್ನು ಅಳೆಯುತ್ತಾರೆ. ನೆಲನೆಲ್ಲಿಯ ಹೆಸರು ಜಗತ್ತಿಗೆ ತಿಳಿದದ್ದು ಈ ವೈರಸ್ಸಿನಿಂದಲೇ. 1987ರಲ್ಲಿ ನೊಬೆಲ್ ಪುರಸ್ಕೃತ ಬರೂಕ್ ಬ್ಲೂಂಬರ್ಗ್ ಮತ್ತು ಸಂಗಡಿಗರು, ಗಿಡದ ಸಾರ ವೈರಸ್ಸಿನ ಡಿಎನ್‌ಎ ಪಾಲಿಮರೇಸ್ ಕಿಣ್ವವನ್ನು ತಡೆಯುತ್ತದೆಂದು ತೋರಿಸಿದರು. ಮರುವರ್ಷ ಮದ್ರಾಸಿನ ಸಂಶೋಧಕರು 30 ದಿನ ಗಿಡದ ಔಷಧಿ ಕೊಟ್ಟ ಫಲ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಬಂತು: ಔಷಧಿ ಪಡೆದ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮರೆಯಾಗಿತ್ತು, ಹುಸಿಮದ್ದು ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಎಂಥ ಆಸೆ ಹುಟ್ಟಿರಬೇಕು! ಆದರೆ ನಂತರ ಥಾಯ್ಲೆಂಡ್, ನ್ಯೂಜಿಲೆಂಡ್‌ಗಳ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ.

ಹೀಗಾದಾಗ ಏಳುವ ಮೊದಲ ಪ್ರಶ್ನೆ, ಬಳಸಿದ ಗಿಡ ಯಾವುದು ಎಂಬುದು. 1987ರ ಪ್ರಬಂಧದಲ್ಲಿ ಅದರ ಹೆಸರು ಫಿಲಾಂಥಸ್ ನಿರೂರಿ, 1988ರದ್ದರಲ್ಲಿ ಫಿಲಾಂಥಸ್ ಅಮಾರಸ್. ಗ್ರಂಧಿಗೆ ಅಂಗಡಿಯ ಒಣ ಕಟ್ಟಿನಲ್ಲೂ ಹೋಲುವ ಹಲವು ಪ್ರಭೇದಗಳು ಬೆರೆತಿರುತ್ತವೆ. ಬೆಂಗಳೂರಿನ ಸಂಶೋಧಕರು ದಕ್ಷಿಣ ಭಾರತದ ಮಾರುಕಟ್ಟೆಯ ಮಾದರಿಗಳ ಡಿಎನ್‌ಎ ನೋಡಿ ಇದನ್ನು ತೋರಿಸಿದ್ದಾರೆ. ಅದಕ್ಕೇ ಸಾರ ತೆಗೆಯುವ ಮುನ್ನ ಹೂ, ಕಾಯಿ, ಬೇರುಸಹಿತ ಒಂದು ಗಿಡವನ್ನು ಒತ್ತಿ ಒಣಗಿಸಿ, ಕಿತ್ತ ಜಾಗ, ದಿನಾಂಕ ಬರೆದು, ಸಂಖ್ಯೆ ಕೊಟ್ಟು ಸಸ್ಯಸಂಗ್ರಹದಲ್ಲಿ ಇಡುತ್ತಾರೆ.