ಕಲ್ಲು, ಮಣ್ಣಿನ ಶಿಲ್ಪದಲ್ಲಿ ಕನ್ನಡಿಗೇನು ಕೆಲಸ?

ಕಲ್ಲು, ಮಣ್ಣು, ಉಪ್ಪಿನ ಹೆಂಟೆಗಳ ಜೊತೆ ಕನ್ನಡಿ ಇಟ್ಟು ಕಲಾಕೃತಿ ಮಾಡಿದವರಲ್ಲಿ ಅಮೆರಿಕದ ರಾಬರ್ಟ್ ಸ್ಮಿತ್ಸನ್ (1938–1973) ಮುಖ್ಯರು. 1968ರ ಒಂದು ಕೃತಿಯಲ್ಲಿ ಅವರು ಕೋಣೆಯ ಮೂಲೆಗೆ ಮೂರು ಕನ್ನಡಿ ಜೋಡಿಸಿದರು: ಎರಡು ಗೋಡೆಗೆ, ಒಂದು ನೆಲಕ್ಕೆ. ನಡುವೆ ಕ್ವಾರಿಯಿಂದ ತಂದ ಕೆಂಪು ಮರಳುಗಲ್ಲಿನ ತುಂಡುಗಳನ್ನು ಸುರಿದರು. ಹೀಗೆ ಒಂದಕ್ಕೊಂದು ಲಂಬವಾಗಿ ನಿಂತ ಮೂರು ಕನ್ನಡಿಗಳಲ್ಲಿ ಏಳು ಪ್ರತಿಬಿಂಬ ಮೂಡುತ್ತವೆ. ಮೂಲೆಗೆ ಒತ್ತರಿಸಿದ ಸಣ್ಣ ಗುಡ್ಡೆ ಗೋಡೆಯಾಚೆಗೂ ನೆಲದಡಿಗೂ ಹಬ್ಬಿ ಇಡಿಯಾದ ರಾಶಿಯಾಗುತ್ತದೆ. ಕೈಗೆ ಸಿಗುವ ಒರಟು ಕಲ್ಲು ಯಾವುದು, ಬರೀ ಬೆಳಕು ಯಾವುದು ಎಂದು ಕಣ್ಣು ತಡವರಿಸುವ ಆ ಗಳಿಗೆಯೇ ಕೃತಿಯ ಜೀವಾಳ.

1969ರಲ್ಲಿ ಮೆಕ್ಸಿಕೋದ ಯುಕಟಾನ್‌ನಲ್ಲಿ ಸುತ್ತುತ್ತ ಸ್ಮಿತ್ಸನ್ ಒಂದಡಿ ಚೌಕದ ಹನ್ನೆರಡು ಕನ್ನಡಿಗಳನ್ನು ಒಂಬತ್ತು ಕಡೆ ಮಣ್ಣಿನಲ್ಲಿ, ಗಿಡಮರಗಳ ನಡುವೆ ನಿಲ್ಲಿಸಿದರು. ಅವುಗಳಲ್ಲಿ ಆಕಾಶದ ತುಣುಕುಗಳು ನೆಲಕ್ಕಿಳಿದವು. ಮೇಲೆ ಚೆಲ್ಲಿದ ಮಣ್ಣು ಪ್ರತಿಬಿಂಬವನ್ನು ಅಲ್ಲಲ್ಲಿ ಮರೆಮಾಡಿತು. ಪ್ರತಿ ಸಲವೂ ಫೋಟೋ ತೆಗೆದು, ಕನ್ನಡಿ ಕಿತ್ತುಕೊಂಡು ಮುಂದೆ ಹೋದರು. ಆ ಒಂಬತ್ತು ಬಣ್ಣದ ಚಿತ್ರಗಳು ಈಗ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂ ಸಂಗ್ರಹದಲ್ಲಿವೆ.